ಹಳೇ ಪಿಟೀಲು, ಹೊಸ ಪಿಟೀಲು: ಕೇಳುವ ಕಿವಿಗೆ ನಿಜವಾಗಿ ಗೊತ್ತಾಗುವುದೇನು?

ಮಗುವಿನ ಪಾಠ ಸರಳೆ, ಜಂಟಿ, ಅಲಂಕಾರ ದಾಟಿ ವರ್ಣಕ್ಕೆ ಬರುವ ಹೊತ್ತಿಗೆ ಮನೆಯಲ್ಲಿ ಒಂದು ಮಾತು ಶುರುವಾಗುತ್ತದೆ. ಈ ಪಿಟೀಲೇ ಸಾಕಾ, ಒಳ್ಳೆಯದೊಂದು ಕೊಳ್ಳಬೇಕಾ? ಅಂಗಡಿಗೆ ಹೋದರೆ ಸಾಲಾಗಿ ತೂಗುಹಾಕಿರುತ್ತಾರೆ. ನೋಡುವುದಕ್ಕೆ ಎಲ್ಲ ಒಂದೇ ಥರ. ಬೆಲೆ ಮಾತ್ರ ಕೆಲವು ಸಾವಿರದಿಂದ ಶುರುವಾಗಿ ಲಕ್ಷ ದಾಟುತ್ತದೆ. ಅಷ್ಟರಲ್ಲಿ ನೆಂಟರ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಜರ್ಮನ್ ಪಿಟೀಲು ಇದೆ ಎಂಬ ಸುದ್ದಿಯೂ ಬರುತ್ತದೆ. ಒಬ್ಬೊಬ್ಬರದು ಒಂದೊಂದು ಸಲಹೆ. ಹಳೇ ಮರದ ನಾದವೇ ಬೇರೆ, ಕೈಕೆಲಸದ್ದೇ ಬೇರೆ, ಕಾರ್ಖಾನೆಯದು ಬೇಡವೇ ಬೇಡ ಅಂತ.

ಈ ಮಾತುಗಳಲ್ಲಿ ಕಿವಿಗೆ ಕೇಳಿಸುವುದು ಎಷ್ಟು, ಬರೀ ಕಣ್ಣಿಗೂ ಹೆಸರಿಗೂ ಸೇರಿದ್ದು ಎಷ್ಟು ಎಂದು ಬಿಡಿಸಿ ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಾದ್ಯದ ವಯಸ್ಸು, ಹೆಸರು, ಬೆಲೆ ಇವು ಕೇಳುಗರಿಗೆ ಕೇಳಿಸುವುದಿಲ್ಲ. ತಂತಿ, ತಂತಿಗಳನ್ನು ಹೊತ್ತು ನಿಲ್ಲುವ ಕುದುರೆ, ಕಮಾನು, ನಿಮ್ಮ ಶ್ರುತಿಗೆ ತಕ್ಕ ಜೋಡಣೆ ಇವು ಚೆನ್ನಾಗಿ ಕೇಳಿಸುತ್ತವೆ. ಕೈಯಲ್ಲಿರುವ ದುಡ್ಡನ್ನು ಕೇಳಿಸುವ ಕಡೆಗೆ ಹಾಕಬೇಕು.

ಪರದೆಯ ಹಿಂದಿನಿಂದ ಕೇಳಿದವರು

ಪಿಟೀಲಿನ ಲೋಕದಲ್ಲಿ ಇಟಲಿಯ ಕ್ರೆಮೊನಾ ಊರಿನ ಅಂಟೋನಿಯೊ ಸ್ಟ್ರಾಡಿವೇರಿಗಿಂತ ದೊಡ್ಡ ಹೆಸರಿಲ್ಲ. ಅವನು ತೀರಿಕೊಂಡದ್ದು 1737ರಲ್ಲಿ. ಅವನ ಕೈಯಿಂದ ಬಂದ 'ಲೇಡಿ ಬ್ಲಂಟ್' ಎಂಬ ಪಿಟೀಲು 2011ರಲ್ಲಿ ಸುಮಾರು 1.59 ಕೋಟಿ ಡಾಲರಿಗೆ ಹರಾಜಾಯಿತು. ಇಷ್ಟು ಬೆಲೆಯ ವಾದ್ಯವಾದರೆ ಒಂದು ಸ್ವರ ಕೇಳಿದರೂ ಗುರುತು ಸಿಗಬೇಕು ಅನ್ನಿಸುತ್ತದೆ, ಅಲ್ವಾ?

1977ರಲ್ಲಿ ಬಿಬಿಸಿ ರೇಡಿಯೊ ಇದನ್ನು ಪರೀಕ್ಷಿಸಿ ನೋಡಿತು. ಕೇಳಲು ಕೂತವರು ಸಾಮಾನ್ಯರಲ್ಲ. ಐಸಾಕ್ ಸ್ಟರ್ನ್ ಮತ್ತು ಪಿಂಕಸ್ ಝುಕರ್ಮನ್ ಜಗತ್ತಿನ ದೊಡ್ಡ ಪಿಟೀಲು ವಾದಕರು. ಮೂರನೆಯವರಾದ ಚಾರ್ಲ್ಸ್ ಬೇರ್ ಹಳೆಯ ಪಿಟೀಲುಗಳನ್ನು ಪರೀಕ್ಷಿಸಿ ಮಾರುವುದರಲ್ಲೇ ಹೆಸರಾದವರು. ಪರದೆಯ ಹಿಂದೆ ನಾಲ್ಕು ಪಿಟೀಲು ನುಡಿಸಲಾಯಿತು. ಒಂದು ಸ್ಟ್ರಾಡಿವೇರಿ, ಒಂದು ಅದೇ ಕ್ರೆಮೊನಾದ ಇನ್ನೊಬ್ಬ ಹೆಸರಾಂತ ತಯಾರಕ ಗ್ವಾರ್ನೇರಿಯದು, ಒಂದು 19ನೇ ಶತಮಾನದ ಫ್ರೆಂಚ್ ಪಿಟೀಲು, ಇನ್ನೊಂದು ಆಗಷ್ಟೇ ಇಂಗ್ಲೆಂಡಿನಲ್ಲಿ ತಯಾರಾದದ್ದು. ನಾಲ್ಕರಲ್ಲಿ ಎರಡಕ್ಕಿಂತ ಹೆಚ್ಚು ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಇಬ್ಬರಂತೂ ಹೊಸ ಪಿಟೀಲನ್ನೇ ಸ್ಟ್ರಾಡಿವೇರಿ ಎಂದುಕೊಂಡರು.

ಅದು ರೇಡಿಯೊ ಕಾರ್ಯಕ್ರಮ, ಪಕ್ಕಾ ಪ್ರಯೋಗವಲ್ಲ ಎನ್ನಬಹುದು. ಪಕ್ಕಾ ಪ್ರಯೋಗಗಳನ್ನು ಮಾಡಿದವರು ಫ್ರಾನ್ಸಿನ ಸಂಶೋಧಕಿ ಕ್ಲಾಡಿಯಾ ಫ್ರಿಟ್ಜ್ ಮತ್ತು ಅಮೆರಿಕದ ಪಿಟೀಲು ತಯಾರಕ ಜೋಸೆಫ್ ಕರ್ಟಿನ್. 2010ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಪಿಟೀಲು ಸ್ಪರ್ಧೆ ನಡೆಯುತ್ತಿತ್ತು. ಅಲ್ಲಿಯೇ 21 ಮಂದಿ ನುರಿತ ವಾದಕರ ಕೈಗೆ ಮೂರು ಹಳೆಯ, ಮೂರು ಹೊಸ ಪಿಟೀಲು ಕೊಟ್ಟರು. ಹೋಟೆಲಿನ ಒಂದು ಕೋಣೆ, ಮಂದ ಬೆಳಕು. ಕಣ್ಣಿಗೆ ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ. ಹಳೆಯ ಮರದ ವಾಸನೆಯಿಂದ ಗುರುತು ಸಿಗಬಾರದು ಎಂದು ಗದ್ದ ಇಡುವ ಜಾಗಕ್ಕೆ ಸುಗಂಧ ಹಚ್ಚಿದ್ದರು. ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚಿದ್ದು ಒಂದು ಹೊಸ ಪಿಟೀಲನ್ನು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿ.

ಆರು ಪಿಟೀಲು ಸಾಲದು, ಹೋಟೆಲ್ ಕೋಣೆಯಲ್ಲಿ ನಾದ ಬಿಚ್ಚುವುದಿಲ್ಲ ಎಂಬ ಆಕ್ಷೇಪ ಬಂತು. 2012ರಲ್ಲಿ ಅದೇ ತಂಡ ಪ್ಯಾರಿಸ್ ಹತ್ತಿರ 12 ಪಿಟೀಲು ಮತ್ತು ಕಚೇರಿ ನಡೆಸುವ ಮಟ್ಟದ 10 ವಾದಕರನ್ನು ಕೂಡಿಸಿತು. ಈ ಸಲ ಅಭ್ಯಾಸದ ಕೋಣೆಯ ಜೊತೆಗೆ 300 ಜನ ಕೂರುವ ಸಭಾಂಗಣವೂ ಇತ್ತು. ಹತ್ತರಲ್ಲಿ ಆರು ಮಂದಿ ಹೊಸ ಪಿಟೀಲನ್ನೇ ಆರಿಸಿಕೊಂಡರು. ಯಾವುದು ಹಳೆಯದು, ಯಾವುದು ಹೊಸದು ಎಂಬ ಊಹೆ ನಾಣ್ಯ ಚಿಮ್ಮಿ ಹೇಳಿದಷ್ಟೇ ಸರಿಯಾಯಿತು.

ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದು 2017ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ. ಇದರಲ್ಲಿ ತೀರ್ಪು ಕೊಟ್ಟವರು ಕೇಳುಗರು. ಪ್ಯಾರಿಸ್‌ನಲ್ಲಿ 55, ನ್ಯೂಯಾರ್ಕ್‌ನಲ್ಲಿ 82 ಮಂದಿ. ಹಳೆಯ ಇಟಲಿಯ ಪಿಟೀಲುಗಳ ನಾದ ಹತ್ತಿರದಲ್ಲಿ ಮೆಲುವಾಗಿದ್ದರೂ ಸಭಾಂಗಣದ ಕೊನೆಯವರೆಗೆ ಸಾಗುತ್ತದೆ ಎಂಬ ನಂಬಿಕೆ ತುಂಬ ಹಳೆಯದು. ಪರೀಕ್ಷೆಯಲ್ಲಿ ಚೆನ್ನಾಗಿ ದೂರ ತಲುಪಿದ್ದು ಹೊಸ ಪಿಟೀಲುಗಳ ನಾದ. ಕೇಳುಗರ ಒಲವೂ ಒಟ್ಟಾರೆ ಹೊಸದರ ಕಡೆಗೇ ಇತ್ತು. ಯಾವುದು ಹಳೆಯದು ಎಂದು ಗುರುತಿಸಲು ಅವರಿಗೂ ಆಗಲಿಲ್ಲ.

ಇದನ್ನು ಓದಿ "ಹಾಗಾದರೆ ಎಲ್ಲ ಪಿಟೀಲೂ ಒಂದೇ" ಎಂದುಕೊಳ್ಳಬೇಡಿ. ಪರೀಕ್ಷೆಗೆ ಇಟ್ಟದ್ದೆಲ್ಲ ಬಹಳ ಒಳ್ಳೆಯ ವಾದ್ಯಗಳು. ಪ್ಲೈವುಡ್ ಡಬ್ಬಿಯನ್ನು ಯಾರೂ ಅಲ್ಲಿ ಇಟ್ಟಿರಲಿಲ್ಲ. ವಾದಕರಿಗೆ ತಮ್ಮ ತಮ್ಮ ಇಷ್ಟಗಳೂ ಗಟ್ಟಿಯಾಗಿಯೇ ಇದ್ದವು. ವಾದ್ಯದಿಂದ ವಾದ್ಯಕ್ಕೆ ವ್ಯತ್ಯಾಸ ಖಂಡಿತ ಇದೆ. ಆ ವ್ಯತ್ಯಾಸ ವಯಸ್ಸಿನ ಜೊತೆಗೂ ಬೆಲೆಯ ಜೊತೆಗೂ ಹೋಗಲಿಲ್ಲ, ಅಷ್ಟೇ.

ಬೇರೆ ವಾದ್ಯಗಳಲ್ಲೂ ಇದೇ ಕಥೆ. 1971ರಲ್ಲಿ ಜಾನ್ ಕೋಲ್ಟ್‌ಮನ್ ಎಂಬ ವಿಜ್ಞಾನಿ ಒಂದೇ ಅಳತೆಯ ಕೊಳಲುಗಳನ್ನು ಬೆಳ್ಳಿ, ತಾಮ್ರ, ಮರಗಳಲ್ಲಿ ಮಾಡಿ ನುಡಿಸಿ ತೋರಿಸಿದರು. ಕೇಳಿದವರಿಗೆ ವ್ಯತ್ಯಾಸ ಹೇಳಲಾಗಲಿಲ್ಲ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆಯಾಗಿದ್ದ ಆರು ಗಿಟಾರುಗಳನ್ನು 52 ಗಿಟಾರ್ ವಾದಕರಿಗೆ ಕೊಟ್ಟು ನುಡಿಸಲು ಹೇಳಿದರು. ಆರಕ್ಕೂ ಹತ್ತಿರ ಹತ್ತಿರ ಅಷ್ಟೇ ಅಂಕ ಬಂತು. ಆ ಆರು ಮರಗಳಲ್ಲಿ ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆ ಒಂದು. ಇಡೀ ಜಗತ್ತಿನ ಗಿಟಾರುಗಳಿಗಾಗಿ ಬೀಟೆ ಮರ ಎಷ್ಟು ಉರುಳಿದೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ನಮ್ಮ ಶ್ರುತಿಯಲ್ಲಿ ಲೆಕ್ಕ ಬೇರೆ

ಈ ಪರೀಕ್ಷೆಗಳ ಫಲಿತಾಂಶವನ್ನು ಹಾಗೇ ಎತ್ತಿ ನಮ್ಮ ಕಚೇರಿಗೆ ತಂದಿಡಲಾಗದು. ಅಲ್ಲಿನವರು ಪಿಟೀಲನ್ನು ಜಿ, ಡಿ, ಎ, ಇ ಸ್ವರಗಳಿಗೆ ಕೂಡಿಸುತ್ತಾರೆ. ನಾವು ಸ, ಪ, ಸ, ಪಕ್ಕೆ ಕೂಡಿಸುತ್ತೇವೆ. ಅದೂ ಹಾಡುವವರ ಶ್ರುತಿಗೆ ತಕ್ಕಂತೆ.

ಜಿ ಶ್ರುತಿಯಲ್ಲಿ ಹಾಡುವ ಹೆಂಗಸಿನ ಪಕ್ಕವಾದ್ಯಕ್ಕೆ ಕೂತರೆ ಹೆಚ್ಚೇನೂ ಬದಲಾಗುವುದಿಲ್ಲ. ಕೆಳಗಿನ ಎರಡು ತಂತಿ ಅಲ್ಲಿನ ಹಾಗೇ ಇರುತ್ತವೆ. ಮೇಲಿನ ಎರಡು ಒಂದೊಂದು ಸ್ವರ ಇಳಿಯುತ್ತವೆ. ಸಿ ಶ್ರುತಿಯ ಗಂಡಸಿನ ಜೊತೆ ಕೂತಾಗ ಕಥೆಯೇ ಬೇರೆ. 659 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 659 ಕಂಪನಕ್ಕೆ ಎಂದು ಮಾಡಿದ ಮೊದಲ ತಂತಿ 392ಕ್ಕೆ ಇಳಿಯುತ್ತದೆ. 196ಕ್ಕೆ ಎಂದು ಮಾಡಿದ ನಾಲ್ಕನೇ ತಂತಿ 131ಕ್ಕೆ ಬರುತ್ತದೆ. ತಂತಿಯ ಬಿಗುವು ಈ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಲೆಕ್ಕ ಹಾಕಿದರೆ ಮೊದಲ ತಂತಿಯಲ್ಲಿ ಉಳಿಯುವುದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬಿಗುವು. ನಾಲ್ಕನೆಯದರಲ್ಲಿ ಅರ್ಧಕ್ಕಿಂತ ಕಡಿಮೆ. ಸಡಿಲವಾದ ತಂತಿಯ ಮೇಲೆ ಕಮಾನು ಸ್ವಲ್ಪ ಒತ್ತಿದರೂ ಶ್ರುತಿ ಅಲುಗುತ್ತದೆ, ನಾದ ಮಂಕಾಗುತ್ತದೆ. "ಈ ಪಿಟೀಲಿನಲ್ಲಿ ನಾದವೇ ಇಲ್ಲ" ಎಂಬ ದೂರು ಎಷ್ಟೋ ಸಲ ಹುಟ್ಟುವುದು ಇಲ್ಲಿ.

ಇನ್ನೊಂದು ಸಂಗತಿ ಪಿಟೀಲಿನ ಹೊಟ್ಟೆಯಲ್ಲಿದೆ. ಒಳಗಿನ ಗಾಳಿ ಸುಮಾರು 270ರಿಂದ 280 ಹರ್ಟ್ಜ್ ಹತ್ತಿರ ಜೋರಾಗಿ ಮಿಡಿಯುತ್ತದೆ. ಅದಕ್ಕಿಂತ ಕೆಳಗಿನ ಸ್ವರಗಳಿಗೆ ಪಿಟೀಲಿನ ಪುಟ್ಟ ಮೈಯಿಂದ ಅಷ್ಟು ಬಲ ಸಿಗುವುದಿಲ್ಲ. ಮಂದ್ರ ಷಡ್ಜ 131ಕ್ಕೆ ಹೋದಾಗ ಮೂಲ ಸ್ವರ ತೆಳ್ಳಗಾಗಿ, ಅದರ ಜೊತೆಗೇ ಹುಟ್ಟುವ ಮೇಲಿನ ಸ್ವರಗಳೇ ಮುಂದೆ ನಿಲ್ಲುತ್ತವೆ. ಮಂದ್ರದ ತುಂಬು ನಾದದಲ್ಲಿ ಪಿಟೀಲಿನಿಂದ ಪಿಟೀಲಿಗೆ ವ್ಯತ್ಯಾಸ ಕಾಣುವ ಸಾಧ್ಯತೆ ನಮ್ಮಲ್ಲಿ ಜಾಸ್ತಿ. ಹಾಗಾಗಿ ಅಂಗಡಿಯವರು ಜಿ, ಡಿ, ಎ, ಇಗೆ ಕೂಡಿಸಿ ತೋರಿಸಿದ ಪಿಟೀಲನ್ನು ಅಲ್ಲಿಯೇ ಒಪ್ಪಬೇಡಿ. ನಿಮ್ಮ ಶ್ರುತಿಗೆ ಇಳಿಸಿ, ತಂತಿ ನಿಲ್ಲುವವರೆಗೆ ಕಾದು, ಆಮೇಲೆ ಕೇಳಿ.

ಯಾವುದನ್ನು ಯಾವುದರ ಜೊತೆ ತೂಗಬೇಕು

ತೀರಾ ಅಗ್ಗದ ಪ್ಲೈವುಡ್ ಪಿಟೀಲು ಮತ್ತು ಗಟ್ಟಿ ಮರದ ಕಲಿಕೆಯ ಪಿಟೀಲು. ಇವೆರಡರ ನಡುವಿನ ವ್ಯತ್ಯಾಸ ಕೇಳಿಸುತ್ತದೆ. ಕಣ್ಣು ಮುಚ್ಚಿ ಕೂತ ಮನೆಯವರೂ ಹೇಳಬಲ್ಲರು. ಒಳ್ಳೆಯ ಪಿಟೀಲಿನ ಮೇಲ್ಭಾಗ ಸ್ಪ್ರೂಸ್ ಮರ, ಹಿಂಬದಿ ಮೇಪಲ್. ಅಂಗಡಿಯಲ್ಲಿ 'ಎಫ್' ಆಕಾರದ ಕಂಡಿಯ ಅಂಚನ್ನು ಹತ್ತಿರದಿಂದ ನೋಡಿ. ಮೇಲಿನ ಮರದ ಗೆರೆಗಳೇ ಅಂಚಿನೊಳಗೂ ಇಳಿದಿದ್ದರೆ ಗಟ್ಟಿ ಮರ. ಪದರ ಪದರವಾಗಿ ಕಂಡರೆ ಪ್ಲೈವುಡ್. ತಂತಿ ಬಿಗಿಸುವ ಬಿರಡೆ ತಿರುಗಿಸಿ ನೋಡಿ, ಬಿಟ್ಟಲ್ಲಿ ನಿಲ್ಲಬೇಕು. ಜಾರುವ ಬಿರಡೆಯ ಪಿಟೀಲು ಕೊಟ್ಟು ಮಗುವಿನಿಂದ ಶ್ರುತಿಶುದ್ಧ ಅಭ್ಯಾಸ ಕೇಳುವುದು ಅನ್ಯಾಯ. ಈ ಮೊದಲ ಮೆಟ್ಟಿಲಿಗೆ ದುಡ್ಡು ಹಾಕುವುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಗಟ್ಟಿ ಮರದ ಕಲಿಕೆಯ ಪಿಟೀಲು ಮತ್ತು ಅದರ ಹತ್ತು ಪಟ್ಟು ಬೆಲೆಯ ಕೈಕೆಲಸದ ಪಿಟೀಲು. ಇಲ್ಲಿ ಎರಡು ಕಿವಿಗಳನ್ನು ಬೇರೆ ಮಾಡಿ ನೋಡಬೇಕು. ಒಂದು ನುಡಿಸುವವರದು, ಇನ್ನೊಂದು ಕೇಳುವವರದು. ನುಡಿಸುವವರ ಎದೆಗೆ, ಬೆರಳಿಗೆ, ಕೈಗೆ ವಾದ್ಯದ ಕಂಪನ ನೇರವಾಗಿ ಬರುತ್ತದೆ. ಕಮಾನಿನ ಸಣ್ಣ ಚಲನೆಗೂ ವಾದ್ಯ ಎಷ್ಟು ಬೇಗ ಓಗೊಡುತ್ತದೆ ಎಂಬುದು ಅವರಿಗೆ ಗೊತ್ತಾಗುತ್ತದೆ. ನಾಲ್ಕು ಅಡಿ ಆಚೆ ಕೂತವರಿಗೆ ಇದು ತಿಳಿಯುವುದಿಲ್ಲ. ಓಗೊಡುವ ವಾದ್ಯ ಸಿಕ್ಕರೆ ನುಡಿಸುವವರು ಹೆಚ್ಚು ಹೊತ್ತು ಅಭ್ಯಾಸ ಮಾಡುತ್ತಾರೆ, ಗಮಕ ಹಗುರವಾಗಿ ಬರುತ್ತದೆ. ಕೇಳುಗರಿಗೆ ಕೊನೆಗೆ ಕೇಳಿಸುವುದು ಆ ಅಭ್ಯಾಸ. ಕಚೇರಿ ಕೊಡುವ ಹಂತಕ್ಕೆ ಬಂದವರು ಕೈಕೆಲಸದ ಪಿಟೀಲು ಕೊಳ್ಳಲಿ, ಅದರಲ್ಲಿ ಅರ್ಥವಿದೆ. ವರ್ಣ ಕಲಿಯುತ್ತಿರುವ ಮಗುವಿಗೆ ಅದಕ್ಕಾಗಿ ಸಾಲ ಮಾಡಬೇಕಿಲ್ಲ. ಮಗು ಇನ್ನೂ ಅರ್ಧ ಅಥವಾ ಮುಕ್ಕಾಲು ಅಳತೆಯ ಪಿಟೀಲು ನುಡಿಸುತ್ತಿದ್ದರಂತೂ ಪೂರ್ತಿ ಅಳತೆಗೆ ಬರುವವರೆಗೆ ಕಾಯಿರಿ.

ಅಟ್ಟದ ಮೇಲಿನ ಹಳೇ ಪಿಟೀಲು. ಇದರ ಮೇಲೆ ಎಲ್ಲರಿಗೂ ಪ್ರೀತಿ, ನನಗೂ. ಒಳಗೆ ಇಣುಕಿದರೆ ಸ್ಟ್ರಾಡಿವೇರಿಯ ಹೆಸರು, 17ರಿಂದ ಶುರುವಾಗುವ ಇಸವಿ ಇರುವ ಚೀಟಿ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಸಮಾಧಾನವಾಗಿರಿ. 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಮೊದಲಲ್ಲಿ ಜರ್ಮನಿಯ ಮಾರ್ಕ್‌ನಾಯ್‌ಕಿರ್ಖನ್ ಮತ್ತು ಸುತ್ತಲಿನ ಊರುಗಳಿಂದ ರಾಶಿ ರಾಶಿ ಪಿಟೀಲುಗಳು ಜಗತ್ತಿಗೆಲ್ಲ ಹೋದವು. ಅವುಗಳಲ್ಲಿ ಬೇಕಾದಷ್ಟಕ್ಕೆ ಇದೇ ಚೀಟಿ ಅಂಟಿಸಿರುತ್ತಿದ್ದರು. ಯಾವ ಮಾದರಿ ನೋಡಿ ಮಾಡಿದ್ದು ಎಂದು ಹೇಳುವ ರೂಢಿ ಅದು. ಅವುಗಳಲ್ಲಿ ಒಳ್ಳೆಯವೂ ಇವೆ, ಬರೀ ಮರದ ತುಂಡಿನಂಥವೂ ಇವೆ. ಮೇಲ್ಭಾಗದಲ್ಲಿ, ಅದರಲ್ಲೂ ಒಳಗೆ ನಿಲ್ಲಿಸಿರುವ ಸಣ್ಣ ಮರದ ಕಡ್ಡಿ, ಅಂದರೆ ಸೌಂಡ್ ಪೋಸ್ಟ್ ತಾಗುವ ಜಾಗದಲ್ಲಿ ಬಿರುಕು ಇದೆಯಾ, ಅಂಚಿನ ಅಂಟು ಬಿಟ್ಟಿದೆಯಾ, ಕುತ್ತಿಗೆ ಬಾಗಿದೆಯಾ ಎಂದು ರಿಪೇರಿ ಬಲ್ಲವರಿಗೆ ತೋರಿಸಿ. ರಿಪೇರಿಯ ಖರ್ಚು ಹೊಸ ಪಿಟೀಲಿನ ಬೆಲೆ ಮೀರುವುದೂ ಉಂಟು. ಅಜ್ಜನ ನೆನಪಿಗಾಗಿ ಸರಿ ಮಾಡಿಸುವುದಾದರೆ ಅದು ಬೇರೆ ಮಾತು, ಖಂಡಿತ ಮಾಡಿಸಿ. ಹಳೆಯದು ಎಂಬ ಒಂದೇ ಕಾರಣಕ್ಕೆ ನಾದ ಹೆಚ್ಚು ಎಂದು ಮಾತ್ರ ದುಡ್ಡು ಕೊಡಬೇಡಿ.

ಎಲೆಕ್ಟ್ರಿಕ್ ಪಿಟೀಲಿನ ವ್ಯತ್ಯಾಸ ಎಲ್ಲರಿಗೂ ಕೇಳಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಲು ಒಳ್ಳೆಯದು. ಕಲಿಯುವವರ ಒಂದೇ ಪಿಟೀಲು ಅದಾಗಬಾರದು.

ಕೇಳಿಸುವ ಬದಲಾವಣೆಗಳು

ಮೈಸೂರು ಚೌಡಯ್ಯನವರ ಮುಂದೆ ಇದೇ ಪ್ರಶ್ನೆ ಇತ್ತು. ಮೈಕು ಇಲ್ಲದ ಕಾಲದ ದೊಡ್ಡ ಸಭೆಗಳಲ್ಲಿ ಹಿಂದೆ ಕೂತವರಿಗೂ ಪಿಟೀಲು ಕೇಳಬೇಕು. ಅವರು ಹೆಚ್ಚು ಬೆಲೆಯ ಪಿಟೀಲು ಹುಡುಕಿಕೊಂಡು ಹೋಗಲಿಲ್ಲ. ನಾಲ್ಕು ತಂತಿಯ ಜೊತೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಸಿದರು. ಆ ನಾದ ಯಾರ ಕಿವಿಗೂ ತಪ್ಪುವಂಥದ್ದಲ್ಲ. ಕೇಳುಗರಿಗೆ ತಲುಪಬೇಕಾದರೆ ಕೈ ಹಾಕಬೇಕಾದದ್ದು ಎಲ್ಲಿಗೆ ಎಂದು ಅವರಿಗೆ ಗೊತ್ತಿತ್ತು.

ನಮಗೆ ಏಳು ತಂತಿ ಬೇಡ. ಸರಿಯಾದ ನಾಲ್ಕು ಸಾಕು. ಸಿ ಶ್ರುತಿಯ ಸ, ಪ, ಸ, ಪ ಎಂದರೆ ಅದು ಪಿಟೀಲಿಗಿಂತ ದೊಡ್ಡದಾದ ಪಾಶ್ಚಾತ್ಯರ ವಯೋಲ ನುಡಿಯುವ ಎತ್ತರ. ಅಷ್ಟು ಕೆಳಗೆ ನುಡಿಸುವವರು ಮೊದಲ ತಂತಿಯ ಜಾಗಕ್ಕೆ ತೆಳ್ಳನೆಯ ಇ ತಂತಿಯ ಬದಲು ಎ ತಂತಿ ಹಾಕಿ ನೋಡಬಹುದು. ಬಿಗುವು ಮೂರನೇ ಒಂದು ಭಾಗದ ಬದಲು ಹತ್ತರಲ್ಲಿ ಎಂಟು ಭಾಗದಷ್ಟು ಉಳಿಯುತ್ತದೆ. ಉಳಿದ ತಂತಿಗಳಿಗೂ ಇದೇ ಲೆಕ್ಕ. ಗುರುಗಳನ್ನು ಕೇಳಿ, ಒಂದೆರಡು ಜೋಡಣೆ ಹಾಕಿ ನೋಡಿ. ನಾವು ಜಾರು ಹಿಡಿಯಲು ಬೆರಳಿಗೆ ಎಣ್ಣೆ ಮುಟ್ಟಿಸಿಕೊಳ್ಳುತ್ತೇವೆ. ಎಣ್ಣೆ, ಬೆವರು, ರಾಳದ ಪುಡಿ ಸೇರಿ ತಂತಿ ಬೇಗ ಸಾಯುತ್ತದೆ. ಸತ್ತ ತಂತಿಯ ಒಳ್ಳೆಯ ಪಿಟೀಲಿಗಿಂತ ಹೊಸ ತಂತಿಯ ಸಾಧಾರಣ ಪಿಟೀಲು ಚೆನ್ನಾಗಿ ಕೇಳುತ್ತದೆ.

ಕಮಾನಿನ ಬಗ್ಗೆ ಜನ ಯೋಚಿಸುವುದು ಕಡಿಮೆ. ಇದು ನನಗೆ ಬೇಸರದ ವಿಷಯ. ವಾದ್ಯಗಳ ನಾದದ ರೆಕಾರ್ಡಿಂಗಿನಲ್ಲಿ ಸ್ವರದ ಶುರುವಿನ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಮಾತ್ರ ಕೇಳಿಸಿದರೆ ಜನ ಒಂದು ವಾದ್ಯವನ್ನು ಇನ್ನೊಂದು ಎಂದು ತಪ್ಪು ತಿಳಿಯುವುದು ಹೆಚ್ಚಾಗುತ್ತದೆ. ಕಿವಿ ಗುರುತು ಹಿಡಿಯುವುದು ಸ್ವರ ಹುಟ್ಟುವ ಆ ಕ್ಷಣದಲ್ಲಿ. ಪಿಟೀಲಿನಲ್ಲಿ ಆ ಕ್ಷಣ ಇರುವುದು ಪೂರ್ತಿ ಕಮಾನಿನ ಕೈಯಲ್ಲಿ. ಕೂದಲು ಉದುರಿದ, ಕಡ್ಡಿ ಸೊಟ್ಟಗಾದ ಕಮಾನಿನಿಂದ ಸ್ಟ್ರಾಡಿವೇರಿಯೂ ಕರಕರ ಎನ್ನುತ್ತದೆ. ಪಿಟೀಲಿಗೆ ಇಟ್ಟ ದುಡ್ಡಿನಲ್ಲಿ ಕಾಲು ಭಾಗವನ್ನಾದರೂ ಕಮಾನಿಗೆ ಎತ್ತಿಡಿ.

ಕುದುರೆ ಮತ್ತು ಸೌಂಡ್ ಪೋಸ್ಟ್ ಸರಿ ಕೂತಿರಬೇಕು. ಕಾರ್ಖಾನೆಯಿಂದ ಬಂದ ಪಿಟೀಲುಗಳ ಕುದುರೆ ಹಲವು ಸಲ ಎತ್ತರವಾಗಿರುತ್ತದೆ. ತಂತಿ ಒತ್ತಲು ಕಷ್ಟ, ಜಾರು ಹಿಡಿಯಲು ಇನ್ನೂ ಕಷ್ಟ. ಬಲ್ಲವರು ಅದನ್ನು ಕೆತ್ತಿ ಕೂರಿಸಿಕೊಟ್ಟರೆ ಅದೇ ಪಿಟೀಲು ಬೇರೆಯದೇ ಆಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಬದಲಾವಣೆ ಕೊಡುವ ಕೆಲಸ ಇನ್ನೊಂದಿಲ್ಲ.

ಇನ್ನು ಮೈಕು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ಹೋದವರು ಕೇಳುವುದು ಪಿಟೀಲು, ಮೈಕು, ಮಿಕ್ಸರ್, ಸ್ಪೀಕರ್ ಎಲ್ಲ ಸೇರಿದ ಒಂದು ನಾದವನ್ನು. ಮೈಕು ಒಂದು ಗೇಣು ಆಚೀಚೆ ಆದರೆ ಬರುವ ವ್ಯತ್ಯಾಸ ಎರಡು ಒಳ್ಳೆಯ ಪಿಟೀಲುಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಮೊಬೈಲಿನಲ್ಲಿ ಪಿಟೀಲು ಹೋಲಿಸುವ ವಿಡಿಯೊ ನೋಡಿ ವಾದ್ಯ ಆರಿಸಬೇಡಿ ಎನ್ನುವುದೂ ಇದಕ್ಕೇ. ಮಂದ್ರದ ನಾದ ಫೋನಿನ ಸ್ಪೀಕರಿನಲ್ಲಿ ಸರಿಯಾಗಿ ಬರುವುದಿಲ್ಲ.

ಕೊಳ್ಳುವ ಮೊದಲು ಕಣ್ಣು ಮುಚ್ಚಿ ಕೇಳಿ

ಅಂಗಡಿಗೆ ಇಬ್ಬರನ್ನು ಕರೆದುಕೊಂಡು ಹೋಗಿ, ನುಡಿಸಲು ಒಬ್ಬರು, ಲೆಕ್ಕ ಇಡಲು ಒಬ್ಬರು. ನೀವು ಬೆನ್ನು ತಿರುಗಿಸಿ ಕೂರಿ. ನಿಮಗೆ ಇಷ್ಟವಾದ ಎರಡು ಪಿಟೀಲನ್ನು ಒಂದೇ ಶ್ರುತಿಗೆ ಕೂಡಿಸಿ, ಒಂದೇ ಕಮಾನಿನಲ್ಲಿ ಒಂದೇ ಸಂಚಾರ ನುಡಿಸಬೇಕು. ಮೋಹನವೋ ತೋಡಿಯೋ, ಚಿಕ್ಕದಿರಲಿ. ನಾದದ ನೆನಪು ಕೆಲವೇ ಕ್ಷಣಗಳಲ್ಲಿ ಮಸುಕಾಗುತ್ತದೆ. ಒಂದರಲ್ಲಿ ಇಡೀ ಕೃತಿ ಕೇಳಿ ಆಮೇಲೆ ಇನ್ನೊಂದನ್ನು ಕೇಳಿದರೆ ಹೋಲಿಕೆ ಆಗುವುದಿಲ್ಲ. ಒಂದೇ ಜೋರಿನಲ್ಲಿ ನುಡಿಸಲು ಹೇಳಿ. ಸ್ವಲ್ಪ ಜೋರಾಗಿ ಬಂದದ್ದೇ ಕಿವಿಗೆ ಚೆಂದ ಅನ್ನಿಸುತ್ತದೆ. ನಡುನಡುವೆ ಒಂದೇ ಪಿಟೀಲನ್ನು ಎರಡು ಸಲ ನುಡಿಸಲಿ, ನಿಮಗೆ ಹೇಳದೆ. ಆಗಲೂ ವ್ಯತ್ಯಾಸ ಕೇಳಿಸಿತು ಎಂದರೆ ಕಿವಿ ಊಹಿಸುತ್ತಿದೆ ಎಂದು ತಿಳಿಯಿರಿ.

ಹತ್ತು ಸಲ ಯಾವುದು ಯಾವುದು ಎಂದು ಹೇಳಿ ನೋಡಿ. ಆರು ಸರಿ ಬಂದರೆ ಬೀಗಬೇಡಿ. ಸುಮ್ನೆ ಊಹಿಸಿದರೂ ಆರು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ 38ರಷ್ಟಿದೆ. ಒಂಬತ್ತು ಅಥವಾ ಹತ್ತು ಸರಿಯಾದರೆ ವ್ಯತ್ಯಾಸ ನಿಜವಾಗಿ ಕೇಳಿಸಿದೆ. ಊಹೆಯಿಂದ ಹಾಗಾಗುವುದು ನೂರಕ್ಕೆ ಒಂದು ಸಲ ಮಾತ್ರ. ಆಮೇಲೆ ಪ್ರಶ್ನೆ ಒಂದೇ: ಆ ವ್ಯತ್ಯಾಸದಲ್ಲಿ ನಿಮಗೆ ಯಾವುದು ಇಷ್ಟ? ಅಲ್ಲಿಯವರೆಗೆ ಬೆಲೆ ಕೇಳದಿದ್ದರೆ ಒಳ್ಳೆಯದು.

ಒಪ್ಪಿಗೆಯಾದ ಪಿಟೀಲನ್ನು ಒಂದು ವಾರ ಮನೆಯಲ್ಲಿ ಇಟ್ಟುಕೊಂಡು ನೋಡುವ ಅವಕಾಶ ಕೇಳಿ. ಕಲಿಯುವ ಮಗು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ, ತುದಿಯನ್ನು ಕಾಲಿನ ಮೇಲಿಟ್ಟು ನುಡಿಸಲಿ. ನಿಂತು ನುಡಿಸಿ ತೋರಿಸಿದ ವಾದ್ಯ ಕೂತಾಗ ಕೈಗೆ ಹೇಗಿರುತ್ತದೆ ಎನ್ನುವುದು ಆಗಲೇ ತಿಳಿಯುವುದು. ಪ್ರತಿ ತಂತಿಯ ಮೇಲೂ ಕೆಳಗಿನಿಂದ ಮೇಲಿನವರೆಗೆ ಬೆರಳನ್ನು ನಿಧಾನವಾಗಿ ಜಾರಿಸಿ, ಕಮಾನು ಒಂದೇ ಸಮ ಎಳೆಯಿರಿ. ಕೆಲವು ಪಿಟೀಲುಗಳಲ್ಲಿ ಒಂದು ಜಾಗಕ್ಕೆ ಬಂದಾಗ ನಾದ ಒಡೆದು ಗುರುಗುಟ್ಟುತ್ತದೆ. ಪಾಶ್ಚಾತ್ಯ ವಾದಕರು ಇದನ್ನು ತೋಳದ ಸ್ವರ ಎನ್ನುತ್ತಾರೆ. ನಮ್ಮ ಸಂಗೀತದಲ್ಲಿ ಬೆರಳು ಎಲ್ಲ ಜಾಗವನ್ನೂ ಹಾದುಹೋಗುವುದರಿಂದ ಅದರಿಂದ ತಪ್ಪಿಸಿಕೊಳ್ಳಲಾಗದು. ಅದು ಮಧ್ಯಮದ ಮೇಲೋ ಪಂಚಮದ ಮೇಲೋ ಬಿದ್ದರೆ ಮೊದಲು ಸೌಂಡ್ ಪೋಸ್ಟನ್ನು ಸ್ವಲ್ಪ ಸರಿಸಿ ನೋಡಲು ಹೇಳಿ. ಆಗಲೂ ಹೋಗದಿದ್ದರೆ ಆ ಪಿಟೀಲನ್ನು ಅಂಗಡಿಗೆ ವಾಪಸ್ ಕೊಟ್ಟು ಇನ್ನೊಂದನ್ನು ತನ್ನಿ.